ಸಹಾಯ ಬೇಕು: ಹನ್ನೊಂದು-ಹನ್ನೆರಡನೇ ತರಗತಿಯಲ್ಲಿ ವೀಣೆ, ಚಿತ್ರಕಲೆ ಎರಡೂ ಓದಲು ಶಾಲೆ ಇದೆಯಾ?

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದವರು. ಮಗಳು ಸಿಬಿಎಸ್‌ಇ ಹತ್ತನೇ ತರಗತಿಯಲ್ಲಿದ್ದಾಳೆ. ಆರು ವರ್ಷದಿಂದ ವೀಣೆ ಕಲಿಯುತ್ತಿದ್ದಾಳೆ, ಜೂನಿಯರ್ ಪರೀಕ್ಷೆ ಪಾಸಾಗಿದೆ. ಚಿತ್ರ ಬರೆಯುವುದು ಮಾತ್ರ ಯಾರೂ ಹೇಳಿಕೊಡದೆ ಬಂದದ್ದು. ಅಜ್ಜಿ ಹೂ ಕಟ್ಟುತ್ತಾ ಕೂತಿದ್ದನ್ನು ಪೆನ್ಸಿಲ್‌ನಲ್ಲಿ ಬರೆದಿದ್ದಳು. ಆ ಬೆರಳುಗಳನ್ನು ನೋಡಿ ನನಗೆ ಮಾತೇ ಹೊರಡಲಿಲ್ಲ.

ಮುಂದೆ ಎರಡನ್ನೂ ಬಿಡುವುದಿಲ್ಲ ಅಂತಾಳೆ. ಸಿಬಿಎಸ್‌ಇಯಲ್ಲಿ ಪೇಂಟಿಂಗ್ ಇದೆ, ಕರ್ನಾಟಕ ಸಂಗೀತದಲ್ಲಿ ವಾದ್ಯವೂ ಇದೆ. ಎರಡಕ್ಕೂ ತಿಯರಿ 30 ಅಂಕ, ಪ್ರಾಕ್ಟಿಕಲ್ 70. ಅಷ್ಟು ಪ್ರಾಕ್ಟಿಕಲ್ ಇರುವಾಗ ಸುಮ್ನೆ ಪುಸ್ತಕ ಓದಿಸಿದರೆ ಸಾಲದು, ಪಕ್ಕದಲ್ಲಿ ಕೂತು ತಿದ್ದುವ ಮೇಷ್ಟ್ರು ಬೇಕು ಅಲ್ವಾ? ಇಲ್ಲಿ ಒಂದು ಶಾಲೆಯಲ್ಲಿ ವಿಚಾರಿಸಿದೆ. "ಇಬ್ಬರು ಮೂವರು ಮಕ್ಕಳಿಗೋಸ್ಕರ ಟೀಚರ್ ಇಡೋಕಾಗಲ್ಲ, ಕಾಮರ್ಸ್ ಕೊಡಿಸಿ" ಅಂದರು. ಮಗಳು ಪಕ್ಕದಲ್ಲೇ ಇದ್ದಳು. ಮನೆಗೆ ಬರುವವರೆಗೂ ಒಂದು ಮಾತಾಡಲಿಲ್ಲ.

ಮೈಸೂರಿನಲ್ಲಿ ಈ ಎರಡೂ ವಿಷಯ ನಿಜವಾಗಿ ಪಾಠ ಮಾಡುವ ಶಾಲೆ ಯಾವುದಾದರೂ ಇದೆಯಾ? ದಿನಾ ರೈಲಿನಲ್ಲಿ ಹೋಗಿಬರಲು ಅವಳು ತಯಾರು. ಇಲ್ಲದಿದ್ದರೆ ಸ್ಟೇಟ್ ಪಿಯುಸಿಗೆ ಸೇರಿಸಿ, ಚಿತ್ರಕಲೆಯನ್ನು ಹೊರಗೆ ಕಲಿಸುವುದು ಒಳ್ಳೆಯದಾ? ಆಮೇಲೆ ಮೈಸೂರಿನ ಚಿತ್ರಕಲಾ ಕಾಲೇಜು ಕಾವಾದಲ್ಲಿ ಓದಬೇಕು ಅನ್ನುವುದು ಅವಳ ಆಸೆ. ಅಲ್ಲಿ ಓದಿದವರು ಯಾರಾದರೂ ಇದ್ದರೆ, ಪ್ರವೇಶಕ್ಕೆ ಈಗಿನಿಂದ ಏನು ಅಭ್ಯಾಸ ಮಾಡಿಸಬೇಕು ಅಂತ ದಯವಿಟ್ಟು ಹೇಳಿ. ಮನೆಯಲ್ಲಿ ಇದರ ಬಗ್ಗೆ ಗೊತ್ತಿರುವವರು ಯಾರೂ ಇಲ್ಲ. ಕಾಮೆಂಟ್‌ನಲ್ಲೇ ಬರೆಯಿರಿ, ಅವಳೂ ಓದುತ್ತಾಳೆ.