ಸಹಾಯ ಬೇಕು: ಗಾಣದ ಎಣ್ಣೆ ವಿಡಿಯೋಗೆ ಶೂಟಿಂಗ್‌ಗೂ ಮುಂಚಿನ ತಯಾರಿ

ನಮಸ್ಕಾರ ಎಲ್ಲರಿಗೂ. ಚಳ್ಳಕೆರೆಯಲ್ಲಿ ನಮ್ಮದೊಂದು ಚಿಕ್ಕ ಶೇಂಗಾ ಎಣ್ಣೆ ಗಾಣ ಇದೆ. ಎಣ್ಣೆ ಮಿಲ್ಲುಗಳಿಗೇ ಹೆಸರಾದ ಊರಲ್ಲಿ ಮರದ ಗಾಣದ ಎಣ್ಣೆಗೆ ಯಾಕೆ ಜಾಸ್ತಿ ದುಡ್ಡು ಅಂತ ಗಿರಾಕಿಗಳು ಕೇಳುತ್ತಲೇ ಇರುತ್ತಾರೆ. ವಿಡಿಯೋ ಆ ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು.

ಕ್ಯಾಮೆರಾದವರು ಅರ್ಧ ದಿನಕ್ಕೆ ಮಾತ್ರ ಬರುತ್ತಾರೆ. ಅದಕ್ಕೇ ಶಾಟ್‌ಗಳನ್ನು ಮೊದಲೇ ಬರೆದಿಡುತ್ತಿದ್ದೇನೆ: ಕಾಳು ಆರಿಸುವುದು, ಗಾಣಕ್ಕೆ ಸುರಿಯುವುದು, ಎಣ್ಣೆ ಇಳಿಯುವುದು, ಹಿಂಡಿ ತೆಗೆಯುವುದು. ಹೊಸ ಎಣ್ಣೆ ಕದಡಿರುತ್ತೆ, ಅದೇ ದಿನ ತಿಳಿಯಾಗಲ್ಲ, ಹಾಗಾಗಿ ತಿಳಿ ಎಣ್ಣೆ ತುಂಬುವ ಶಾಟ್‌ಗೆ ಹಿಂದಿನ ಎಣ್ಣೆಯನ್ನು ಎತ್ತಿಡಬೇಕು, ಇಂಥದ್ದು ಇನ್ನೇನು ಬಿಟ್ಟುಹೋಗಿದೆ ನೋಡಿ ಹೇಳಿ.

ಗಾಣದ ಸದ್ದಿನಲ್ಲಿ ಮಾತು ಕೇಳಿಸಲ್ಲ. ಕಾಲರ್ ಮೈಕ್ ಸಾಕಾ, ಇಲ್ಲ ಮಾತನ್ನು ಆಮೇಲೆ ಬೇರೆಯಾಗಿ ರೆಕಾರ್ಡ್ ಮಾಡುವುದು ಒಳ್ಳೆಯದಾ? ರೀಲ್ಸ್‌ಗೆ ಉದ್ದುದ್ದ 9:16, ಯೂಟ್ಯೂಬ್‌ಗೆ ಅಡ್ಡ 16:9 ಬೇಕಲ್ವಾ, ಒಂದೇ ಸಲ ತೆಗೆದು ಎರಡಕ್ಕೂ ಕತ್ತರಿಸಿದರೆ ನಡೆಯುತ್ತಾ?

ಗೆಳೆಯನೊಬ್ಬ ಚಿತ್ರದುರ್ಗದ ಕೋಟೆ ಮೇಲೆ ಡ್ರೋನ್ ಹಾರಿಸಿ ಶುರು ಮಾಡು ಅಂತಾನೆ. ಅದು ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಸುಮ್ನೆ ಹೋಗಿ ಶೂಟ್ ಮಾಡೋಕಾಗಲ್ಲ. ಅಷ್ಟಕ್ಕೂ ಎಣ್ಣೆಗೂ ಕೋಟೆಗೂ ಏನು ಸಂಬಂಧ!

ಕೊನೆಯದಾಗಿ, ಕೊಟೇಶನ್‌ನಲ್ಲಿ ಏನೇನು ಬರೆಸಿಕೊಳ್ಳಬೇಕು? ಎಷ್ಟು ಸಲ ತಿದ್ದಿಕೊಡುತ್ತಾರೆ, ಎಡಿಟ್ ಮಾಡದ ಪೂರ್ತಿ ಫೈಲ್ ನಮಗೆ ಸಿಗುತ್ತಾ, ಸಂಗೀತದ ಹಕ್ಕು ಯಾರು ನೋಡಿಕೊಳ್ಳಬೇಕು? ದಾವಣಗೆರೆ, ದುರ್ಗದ ಕಡೆ ಯಾರಾದರೂ ಅಂಗಡಿಗೆ ವಿಡಿಯೋ ಮಾಡಿಸಿದ್ದರೆ ಕಾಮೆಂಟ್‌ನಲ್ಲಿ ತಿಳಿಸಿ.