ಸಹಾಯ ಬೇಕು: ಉಸಿರಿನ ಜೊತೆ ಜಾರುವ ಲಿವರ್ ಟ್ರ್ಯಾಕ್ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಎಂಜಿನಿಯರಿಂಗ್ ಕೊನೆ ವರ್ಷ ಓದುತ್ತಿದ್ದೇನೆ. ಎಂಆರ್‌ಐ ನೋಡಿಕೊಂಡು ಅಲ್ಟ್ರಾಸೌಂಡ್‌ನಿಂದ ಲಿವರ್ ಗಡ್ಡೆ ಸುಡುವ ಚಿಕಿತ್ಸೆ ನಮ್ಮ ಪ್ರಾಜೆಕ್ಟ್ ವಿಷಯ.

ಸುಮ್ನೆ ಮಲಗಿ ಉಸಿರಾಡಿದರೂ ಲಿವರ್ ಮೇಲೆ ಕೆಳಗೆ 1ರಿಂದ 2 ಸೆಂ.ಮೀ. ಜಾರುತ್ತದೆ. ಶಾಖ ಬೀಳುವ ಜಾಗವೋ ಅಕ್ಕಿ ಕಾಳಿನಷ್ಟು. 60 ಡಿಗ್ರಿ ದಾಟಿದರೆ ಕೆಲವೇ ಸೆಕೆಂಡಿನಲ್ಲಿ ಜೀವಕೋಶ ಸಾಯುತ್ತದೆ. ಗುರಿ ತಪ್ಪಿದರೆ ಒಳ್ಳೆ ಭಾಗವೇ ಸುಟ್ಟುಹೋಗುತ್ತದೆ ಅಲ್ವಾ? ಇನ್ನೊಂದು ತಲೆನೋವು ಇದೆ. ಬಿಸಿ ಮಾಡುವ ಮೊದಲಿನ ಚಿತ್ರಕ್ಕೂ ಆಮೇಲಿನದಕ್ಕೂ ಇರುವ ಫೇಸ್ (ಎಂಆರ್‌ಐ ಸಿಗ್ನಲ್ ಅಲೆಯ ಹಂತ) ವ್ಯತ್ಯಾಸದಿಂದ ತಾಪಮಾನ ಲೆಕ್ಕ ಹಾಕುತ್ತಾರೆ. ಅಂಗ ಜರುಗಿದರೆ ಆ ಲೆಕ್ಕವೇ ಕೆಡುತ್ತದೆ. ಉಸಿರಿನ ಬೇರೆ ಬೇರೆ ಹಂತದ ಚಿತ್ರಗಳನ್ನು ಮೊದಲೇ ತೆಗೆದಿಟ್ಟು, ಆ ಕ್ಷಣದ ಚಿತ್ರಕ್ಕೆ ಹೊಂದುವುದನ್ನು ಆರಿಸುವ ದಾರಿ ಇದೆ. ಆದರೆ ರೋಗಿ ಜೋರಾಗಿ ಉಸಿರೆಳೆದರೆ ಯಾವುದೂ ಹೊಂದುವುದಿಲ್ಲ.

ಈಗ ಲಿವರ್ ಟ್ರ್ಯಾಕ್ ಮಾಡಲು ಆಪ್ಟಿಕಲ್ ಫ್ಲೋ (ಒಂದರ ಹಿಂದೊಂದು ಬರುವ ಚಿತ್ರಗಳ ಹೊಳಪು ಹೋಲಿಸಿ ಚಲನೆ ಕಂಡುಹಿಡಿಯುವ ವಿಧಾನ) ಬಳಸುತ್ತಿದ್ದೇವೆ. ಬಿಸಿಯಾದ ಜಾಗದ ಹೊಳಪು ಬದಲಾದರೆ ಅದನ್ನೂ ಚಲನೆ ಅಂದುಕೊಳ್ಳುತ್ತದೆ! ಇದನ್ನು ತಡೆಯುವುದು ಹೇಗೆ? ಚಿತ್ರ ತೆಗೆದು ಲೆಕ್ಕ ಮುಗಿಸುವಷ್ಟರಲ್ಲಿ ಲಿವರ್ ಮುಂದೆ ಹೋಗಿರುತ್ತದೆ. ಅದನ್ನು ಊಹಿಸಲು ಕಾಲ್ಮನ್ ಫಿಲ್ಟರ್ (ಹಿಂದಿನ ಅಳತೆಗಳಿಂದ ಮುಂದಿನ ಸ್ಥಾನ ಅಂದಾಜಿಸುವ ಲೆಕ್ಕದ ವಿಧಾನ) ಸಾಕಾ?

ರೇಡಿಯಾಲಜಿಯವರು ಯಾರಾದರೂ ಅರ್ಧ ಗಂಟೆ ಕೊಟ್ಟರೂ ಸಾಕು. ಶಿರಾ ಗೇಟ್ ಆಗಲಿ, ಕ್ಯಾತ್ಸಂದ್ರ ಆಗಲಿ, ನಾವೇ ಬರುತ್ತೇವೆ. ಸುಮ್ನೆ ಎಐ ಹಾಕಿ ಅಂತ ಮಾತ್ರ ಹೇಳಬೇಡಿ, ನಮ್ಮ ಗೈಡ್ ಒಪ್ಪುವುದಿಲ್ಲ.