ಪದಚರ್ಚೆ: ಪ್ರೆಸೆಂಟೇಶನ್‌ಗೆ ‘ಮಂಡನೆ’ ಒಗ್ಗುತ್ತದೆಯೇ? ಸ್ಲೈಡಿನ ತಲೆಯ ಸಾಲಿಗೆ ಏನೆನ್ನೋಣ?

ನಮಸ್ಕಾರ.

ಸಣ್ಣ ಉದ್ದಿಮೆದಾರರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಬ್ಯಾಂಕಿನವರಲ್ಲಿ ಸಾಲ ಕೇಳುವಾಗ, ವಿತರಕರಿಗೆ ಹೊಸ ಸರಕನ್ನು ಪರಿಚಯಿಸುವಾಗ, ಪಾಲುದಾರರಿಗೆ ಲೆಕ್ಕ ಒಪ್ಪಿಸುವಾಗ ಸ್ಲೈಡುಗಳನ್ನು ಹೇಗೆ ಹೊಂದಿಸಬೇಕು ಎಂಬುದು ಅದರ ವಿಷಯ. ಬರವಣಿಗೆಗಿಂತ ಪದಗಳೇ ಹೆಚ್ಚು ಕಾಡುತ್ತಿವೆ. ಮುಖ್ಯವಾದವು ಎರಡು: ಪ್ರೆಸೆಂಟೇಶನ್ ಎಂಬುದಕ್ಕೆ ಏನನ್ನಬೇಕು, ಸ್ಲೈಡಿನ ಮೇಲ್ಭಾಗದಲ್ಲಿ ದಪ್ಪಕ್ಷರದಲ್ಲಿ ಬರುವ ಸಾಲಿಗೆ ಏನನ್ನಬೇಕು.

ಮೊದಲನೆಯದಕ್ಕೆ ಪದಗಳ ಬರವೇನೂ ಇಲ್ಲ. ಪತ್ರಿಕೆಗಳ ಜಿಲ್ಲಾ ಸುದ್ದಿಗಳಲ್ಲಿ ‘ಅಧಿಕಾರಿಗಳು ಪಿಪಿಟಿ ಮೂಲಕ ಪ್ರಾತ್ಯಕ್ಷಿಕೆ ನೀಡಿದರು’ ಎಂದು ಓದುತ್ತಿರುತ್ತೇವೆ. ನನಗೆ ಇದು ಒಪ್ಪಿಗೆಯಿಲ್ಲ. ಅಗ್ನಿಶಾಮಕ ದಳದವರು ಬೆಂಕಿ ಆರಿಸಿ ತೋರಿಸಿದರೆ ಅದು ಪ್ರಾತ್ಯಕ್ಷಿಕೆ. ಕೃಷಿ ಮೇಳದಲ್ಲಿ ನಾಟಿ ಯಂತ್ರವನ್ನು ಗದ್ದೆಗಿಳಿಸಿದರೂ, ಯಕ್ಷಗಾನದ ಹೆಜ್ಜೆಗಳನ್ನು ವಿವರಿಸುತ್ತ ಕುಣಿದು ತೋರಿಸಿದರೂ ಪ್ರಾತ್ಯಕ್ಷಿಕೆಯೇ. ಮುಂದಿನ ವರ್ಷದ ಮಾರಾಟದ ಅಂದಾಜನ್ನು ಮಾತ್ರ ಯಾರೂ ಪ್ರತ್ಯಕ್ಷ ಮಾಡಿ ತೋರಿಸಲಾರರು.

‘ಪ್ರಸ್ತುತಿ’ ಈಚೆಗೆ ಹೆಚ್ಚು ಬಳಕೆಗೆ ಬಂದಿದೆ. ಸಂಸ್ಕೃತದಲ್ಲಿ ಅದು ಸ್ತುತಿಯ ಮನೆಯದೇ ಪದ, ಹೊಗಳಿಕೆ ಎಂದೇ ಅರ್ಥ. ಮೊದಲ ಐದಾರು ಸ್ಲೈಡುಗಳನ್ನು ಸ್ಥಾಪಕರ ಭಾವಚಿತ್ರ, ಕಚೇರಿಯ ಕಟ್ಟಡ, ಬಂದ ಪ್ರಶಸ್ತಿಗಳಿಗೆ ಮೀಸಲಿಟ್ಟು, ಬ್ಯಾಂಕಿನವರಿಗೆ ಬೇಕಾದ ‘ಎಷ್ಟು ಸಾಲ, ಯಾತಕ್ಕೆ, ತೀರಿಸುವುದು ಹೇಗೆ’ ಎಂಬುದನ್ನು ಕೊನೆಗೆ ತಳ್ಳುವವರಿಗೆ ಈ ಪದವನ್ನು ಸಂತೋಷದಿಂದ ಬಿಟ್ಟುಕೊಡಬಹುದು. ‘ನಿರೂಪಣೆ’ ಆಗಲೇ ಕಥೆಯ ಪಾಲಾಗಿದೆ, ಸಮಾರಂಭಗಳ ಪಾಲೂ ಆಗಿದೆ. ಅದನ್ನು ಮತ್ತೆ ಇಲ್ಲಿಗೆ ಎಳೆಯುವುದು ಬೇಡ.

ನನ್ನ ಒಲವು ‘ಮಂಡನೆ’ಯ ಕಡೆಗೆ. ಬಜೆಟ್ ಮಂಡನೆ, ವಿಧೇಯಕ ಮಂಡನೆ, ಪ್ರಬಂಧ ಮಂಡನೆ, ವಾದ ಮಂಡನೆ ಎಲ್ಲದರಲ್ಲೂ ಎದುರಿಗಿರುವವರಿಗೆ ಒಪ್ಪುವ ಅಥವಾ ತಳ್ಳಿಹಾಕುವ ಹಕ್ಕಿದೆ. ಖಂಡನೆಯ ಜೋಡಿಯಾಗಿಯೇ ಬೆಳೆದ ಪದ ಇದು. ವ್ಯವಹಾರದ ಸಭೆಯಲ್ಲಿ ಕೂತವರೂ ತೀರ್ಮಾನ ಕೈಗೊಳ್ಳಲೆಂದೇ ಬಂದಿರುತ್ತಾರೆ, ಮನರಂಜನೆಗಲ್ಲ. ಮಂಡನ ಎಂಬುದಕ್ಕೆ ಸಂಸ್ಕೃತದಲ್ಲಿ ಅಲಂಕಾರ ಎಂಬ ಅರ್ಥವೂ ಇದೆ. ಸ್ಲೈಡು ಮಾಡುವವರ ಹಳೆಯ ಜಗಳವೇ ಇದು: ವಾದಕ್ಕೆ ಬಲ ಕೊಡುವುದೋ, ಬಣ್ಣ ಬಳಿಯುವುದೋ! ನನ್ನ ಅಳುಕು ಪದದ ತೂಕದ ಬಗ್ಗೆ. ಅಂಗಡಿಯವರೊಬ್ಬರ ಮುಂದೆ ಲ್ಯಾಪ್‌ಟಾಪ್ ತೆರೆದು ಐದು ನಿಮಿಷ ಮಾತಾಡಿದ್ದನ್ನು ‘ಮಂಡಿಸಿದೆ’ ಎಂದರೆ ವಿಧಾನಸೌಧದ ವಾಸನೆ ಬರುವುದಿಲ್ಲವೇ?

ಸ್ಲೈಡನ್ನು ಸ್ಲೈಡಾಗಿಯೇ ಉಳಿಸಿಕೊಂಡಿದ್ದೇನೆ. ಟಾಕೀಸಿನಲ್ಲಿ ಚಿತ್ರ ಶುರುವಾಗುವ ಮೊದಲು ಊರಿನ ಜವಳಿ ಅಂಗಡಿಯ ಜಾಹೀರಾತು ಬರುತ್ತಿದ್ದ ಕಾಲದಿಂದಲೂ ಅದು ನಮ್ಮದೇ ಪದ. ಆಗ ಗಾಜಿನ ಚೌಕವನ್ನು ಯಂತ್ರದೊಳಗೆ ನಿಜವಾಗಿಯೂ ಜಾರಿಸುತ್ತಿದ್ದರು. 1987ರಲ್ಲಿ ಪವರ್‌ಪಾಯಿಂಟ್ ಮೊದಲು ಮ್ಯಾಕಿಂಟಾಷ್ ಕಂಪ್ಯೂಟರಿಗೆ ಬಂದಾಗ ಅದರಿಂದ ತೆಗೆಯುತ್ತಿದ್ದದ್ದು ಓವರ್‌ಹೆಡ್ ಪ್ರೊಜೆಕ್ಟರಿನ ಪಾರದರ್ಶಕ ಹಾಳೆಗಳನ್ನು. ಈಗ ಜಾರುವಂಥದ್ದೇನೂ ಉಳಿದಿಲ್ಲ, ಹೆಸರು ಉಳಿದಿದೆ. ‘ಜಾರುಫಲಕ’ ಎಂದರೆ ಮಕ್ಕಳು ಜಾರುಬಂಡೆ ಎಂದುಕೊಂಡಾರು. ಪಟ್ಟಿಯ ಸಾಲುಗಳ ಮುಂದಿಡುವ ಚುಕ್ಕೆಗೆ, ಅಂದರೆ ಬುಲೆಟ್‌ಗೆ, ‘ಗುಂಡು’ ಎನ್ನುವ ಯಂತ್ರಾನುವಾದವನ್ನೂ ಕಂಡಿದ್ದೇನೆ, ‘ಬೊಟ್ಟು’ ಸಾಕು. ಒಂದು ಸಭೆಗೆ ಹೊಂದಿಸಿದ ಸ್ಲೈಡುಗಳ ಇಡೀ ಸರಣಿಗೆ ಹೇಳುವ ಡೆಕ್ ಎಂಬುದಕ್ಕೆ ‘ಕಟ್ಟು’ ಎಂದು ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಅದು ಇಸ್ಪೀಟು ಕಟ್ಟಿನ ಪದವೇ, ನಮ್ಮಲ್ಲಿ ತಾಳೆಗರಿಯ ಕಟ್ಟುಗಳೂ ಇವೆಯಲ್ಲ.

ಇನ್ನು ತಲೆಯ ಸಾಲು. ನನ್ನ ಮುಖ್ಯ ಪ್ರಶ್ನೆ ಇರುವುದು ಇಲ್ಲಿ. ನಾಲ್ಕು ವಿಭಾಗಗಳ ಮಾರಾಟದ ಸ್ತಂಭನಕ್ಷೆಯಿರುವ ಸ್ಲೈಡೊಂದನ್ನು ಊಹಿಸಿಕೊಳ್ಳಿ. ನಾಲ್ಕು ಸ್ತಂಭಕ್ಕೆ ನಾಲ್ಕು ಬಣ್ಣ, ಮೇಲೆ ‘ವಿಭಾಗವಾರು ಮಾರಾಟದ ವಿವರ’ ಎಂಬ ಸಾಲು. ನೋಡುವವರು ಕಣ್ಣನ್ನು ಎಲ್ಲಿಡಬೇಕೆಂದು ತಿಳಿಯದೆ ನಾಲ್ಕನ್ನೂ ಓದುತ್ತಾರೆ, ಅಷ್ಟರಲ್ಲಿ ಮಾತಾಡುವವರು ಮುಂದೆ ಹೋಗಿರುತ್ತಾರೆ. ಅದೇ ನಕ್ಷೆಯಲ್ಲಿ ಮೂರು ಸ್ತಂಭಗಳನ್ನು ಬೂದು ಬಣ್ಣಕ್ಕಿಳಿಸಿ, ಬೆಳಗಾವಿಯದೊಂದನ್ನು ಕೆಂಪು ಮಾಡಿ, ಮೇಲೆ ‘ಸಾಗಣೆ ತಡವಾಗಿದ್ದರಿಂದ ಬೆಳಗಾವಿಯ ಮಾರಾಟ ಇಳಿದಿದೆ’ ಎಂದು ಬರೆದರೆ ಸ್ಲೈಡು ಮಾತಾಡುತ್ತದೆ. ಸಭೆಯ ಚರ್ಚೆ ನೇರವಾಗಿ ಲಾರಿಗಳ ಮೇಲೆ ಹರಿಯುತ್ತದೆ.

ಈ ಎರಡನೆಯ ಬಗೆಯ ಸಾಲಿಗೆ ಸಲಹಾ ಸಂಸ್ಥೆಗಳವರು ಆ್ಯಕ್ಷನ್ ಟೈಟಲ್ ಎನ್ನುತ್ತಾರೆ. ‘ಕ್ರಿಯಾ ಶೀರ್ಷಿಕೆ’ ಎಂದರೆ ವ್ಯಾಕರಣದ ಪಾಠದಂತೆ ಕೇಳುತ್ತದೆ. ಬರಿಯ ಹೆಸರುಚೀಟಿಯಂತಿರುವುದಕ್ಕೆ ‘ಶೀರ್ಷಿಕೆ’, ತೀರ್ಮಾನ ಹೇಳುವುದಕ್ಕೆ ‘ತಲೆಬರಹ’ ಎಂದು ಬೇರ್ಪಡಿಸಿದರೆ ಹೇಗೆ? ನಿಘಂಟಿನಲ್ಲಿ ಇವು ಸಮಾನಾರ್ಥಕಗಳೇ, ಬಲ್ಲೆ. ಆದರೆ ಕವಿತೆಗೆ, ಪುಸ್ತಕಕ್ಕೆ ಶೀರ್ಷಿಕೆ ಇರುತ್ತದೆ. ಸುದ್ದಿಗೆ ತಲೆಬರಹ ಕೊಡುತ್ತಾರೆ. ‘ಮಳೆಯ ವಿವರ’ ಎಂದು ಯಾವ ಉಪಸಂಪಾದಕರೂ ಬರೆಯುವುದಿಲ್ಲ, ‘ಮುಂಗಾರು ವಿಳಂಬ: ಬಿತ್ತನೆಗೆ ಹಿನ್ನಡೆ’ ಎಂದು ಬರೆಯುತ್ತಾರೆ.

ಕನ್ನಡದ ವಾಕ್ಯರಚನೆಯೂ ಇಲ್ಲಿ ತೊಡಕು ತರುತ್ತದೆ. ನಮ್ಮ ಕ್ರಿಯಾಪದ ಬರುವುದು ಕೊನೆಯಲ್ಲಿ. ಸಾಲು ಎರಡಾಗಿ ಮುರಿದರೆ ‘ಇಳಿದಿದೆ’ಯೋ ‘ಏರಿದೆ’ಯೋ ಎಂಬ ಮುಖ್ಯ ಸಂಗತಿಯೇ ಕೆಳಗಿನ ಸಾಲಿಗೆ ಜಾರುತ್ತದೆ. ‘ಬೆಳಗಾವಿ ಮಾರಾಟ ಇಳಿಕೆ: ಸಾಗಣೆ ವಿಳಂಬ ಕಾರಣ’ ಎಂದು ಪತ್ರಿಕೆಯ ಜಾಡು ಹಿಡಿದರೆ ಬಿಗಿ ಬರುತ್ತದೆ, ಮಾತಿನ ಸಹಜತೆ ಹೋಗುತ್ತದೆ. ಅಮೆರಿಕದ ಉದ್ಯಮಿ, ಲೇಖಕ ಗೈ ಕಾವಾಸಾಕಿ ಹೇಳಿದ ಹತ್ತು ಸ್ಲೈಡು, ಇಪ್ಪತ್ತು ನಿಮಿಷ, 30 ಪಾಯಿಂಟಿಗೆ ಕಡಿಮೆಯಿಲ್ಲದ ಅಕ್ಷರ ಎಂಬ ಸೂತ್ರವನ್ನು ಕೈಪಿಡಿಯಲ್ಲಿ ಸೇರಿಸಿದ್ದೇನೆ. ಆದರೆ ಆ ಗಾತ್ರದಲ್ಲಿ ‘ಮಾರುಕಟ್ಟೆಯಲ್ಲಿನ’ ಎಂಬ ಒಂದೇ ಪದ ಎಷ್ಟು ಜಾಗ ನುಂಗುತ್ತದೆಂದು ಒಮ್ಮೆ ಟೈಪಿಸಿ ನೋಡಿ. ಸಾಲುಗಳ ನಡುವೆ ತೆರಪು ಹೆಚ್ಚಿಸದಿದ್ದರೆ ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸುಗಳಿಗೆ ಹೋಗಿ ತಾಗುತ್ತವೆ. ಹಾಗಾಗಿ ಕನ್ನಡದ ತಲೆಬರಹದಲ್ಲಿ ವಿಭಕ್ತಿಗಳನ್ನು ಆದಷ್ಟು ಕತ್ತರಿಸುವುದೇ ವಾಸಿ ಎಂದು ನನಗೀಗ ಅನಿಸಿದೆ. (ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪಿಸಿಕೊಂಡು ಹೋಗಿ, ಸಭೆಯ ಕಂಪ್ಯೂಟರಿನಲ್ಲಿ ಆ ಫಾಂಟಿಲ್ಲದೆ ಪರದೆಯ ಮೇಲೆ ಚಿತ್ರಲಿಪಿ ಮೂಡಿಸುವವರ ಕಥೆಗೆ ಬೇರೆಯೇ ಅಧ್ಯಾಯ ಬೇಕು.)

ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ನಿಮ್ಮ ಕಿವಿಗೆ ಶೀರ್ಷಿಕೆ, ತಲೆಬರಹಗಳ ನಡುವೆ ಈ ಭೇದ ನಿಜಕ್ಕೂ ಕೇಳಿಸುತ್ತದೆಯೇ, ಅಥವಾ ನಾನೇ ಹೇರುತ್ತಿದ್ದೇನೆಯೇ? ‘ಮಂಡನೆ’ಗಿಂತ ಹಗುರವಾದ ಪದ ಹುಬ್ಬಳ್ಳಿಯ ವ್ಯಾಪಾರಿಗಳ ನಡುವೆಯೋ ಮಂಗಳೂರಿನ ಕಡೆಯೋ ಬಳಕೆಯಲ್ಲಿದ್ದರೆ ತಿಳಿಸಿ. ಮಂಡನೆಯೇ ಗಟ್ಟಿ ಎನ್ನುವುದಾದರೆ ಅದನ್ನು ಮಾಡುವವರನ್ನು ಏನೆಂದು ಕರೆಯಬೇಕು? ‘ಮಂಡಕ’ ಎಂದು ಬರೆಯಲು ಕೈ ಹಿಂಜರಿಯುತ್ತಿದೆ, ‘ಮಂಡಿಸುವವರು’ ಎಂದು ಪುಟಕ್ಕೆ ಹತ್ತು ಸಲ ಬರೆಯಲೂ ಬೇಸರ.